ಫೋಟೋ ಪ್ರಿಂಟರ್ ಅಂತ ಮಗ್ ಪ್ರಿಂಟರ್ ತಲೆಗೆ ಕಟ್ಟಿದರು: ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಓದಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ತಿಪಟೂರಿನಲ್ಲಿ ಹನ್ನೊಂದು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಬೀದಿಯವರು ಮೊಬೈಲ್ ತಗೊಳ್ಳಬೇಕಾದರೂ ನನ್ನನ್ನು ಒಂದು ಮಾತು ಕೇಳುತ್ತಾರೆ. ಅಂಥವನು ಬೆಂಗಳೂರಿಗೆ ಹೋಗಿ, ಟೀ ಕುಡಿಯುತ್ತಾ ಕೂತು, ಕಣ್ಣೆದುರೇ ಟೋಪಿ ಹಾಕಿಸಿಕೊಂಡು ಬಂದೆ. 11,500 ರೂಪಾಯಿ. ಕ್ಯಾಶ್. ಬಿಲ್ ಇಲ್ಲ. ಹೌದು, ಬಿಲ್ ಇಲ್ಲ. ಬೈಯೋರು ಈಗಲೇ ಬೈದುಬಿಡಿ, ಆಮೇಲೆ ಮುಂದಕ್ಕೆ ಓದಿ.

ಜೂನ್ ಹತ್ತಿರ ಬರುತ್ತಿತ್ತು. ಅಡ್ಮಿಷನ್, ಹಾಸ್ಟೆಲ್ ಅರ್ಜಿ, ಬಸ್ ಪಾಸ್, ಎಲ್ಲದಕ್ಕೂ ಪಾಸ್‌ಪೋರ್ಟ್ ಫೋಟೋ ಬೇಕು. ನನ್ನ ಹತ್ತಿರ ಇದ್ದದ್ದು ನಾಲ್ಕು ಬಣ್ಣದ ಹಳೇ ಪ್ರಿಂಟರ್. ಅದರಲ್ಲಿ ಕೆನ್ನೆ, ಹಣೆ ಮೇಲೆಲ್ಲ ಚುಕ್ಕಿ ಚುಕ್ಕಿ ಕಾಣುತ್ತೆ. ಈ ಕೆಲಸದವರಿಗೆ ಎಪ್ಸನ್ ಎಲ್805 ಫೋಟೋ ಪ್ರಿಂಟರ್ ಗೊತ್ತೇ ಇರುತ್ತೆ. ಆರು ಬಣ್ಣ. ಮಾಮೂಲಿ ನಾಲ್ಕರ ಜೊತೆ ಲೈಟ್ ಸಯಾನ್ (ತಿಳಿ ನೀಲಿ), ಲೈಟ್ ಮಜೆಂಟಾ (ತಿಳಿ ಗುಲಾಬಿ). ಮುಖ ನುಣ್ಣಗೆ ಬರೋದು ಆ ಎರಡರಿಂದಲೇ. ಆದರೆ ಆ ಮಾಡೆಲ್ ನಿಂತು ಅದರ ಜಾಗಕ್ಕೆ ಎಲ್8050 ಬಂದಿದೆ. ಅದಕ್ಕೆ ನನ್ನ ಹತ್ತಿರ ಇದ್ದ ದುಡ್ಡಿನ ಎರಡರಷ್ಟು ಬೇಕಿತ್ತು. "ಸಾಲ ಮಾಡಿಯಾದ್ರೂ ಹೊಸದೇ ತಗೊಳ್ರೀ" ಅಂತ ಹೆಂಡತಿ ಹೇಳಿದ್ದಳು. ಹಾಗೆ ಹೇಳಿದ್ದೆ ಅಂತ ಇವತ್ತಿಗೂ ಹೇಳುತ್ತಲೇ ಇದ್ದಾಳೆ.

ಮೊಬೈಲಲ್ಲಿ ಜಾಹೀರಾತು ನೋಡಿದೆ. ಎಲ್805, ರೀಫರ್ಬಿಶ್ಡ್ (ಹಳೇದನ್ನು ರಿಪೇರಿ ಮಾಡಿದ್ದು), ಸ್ಟುಡಿಯೋದಲ್ಲಿ ಬರೀ ಫೋಟೋಗೆ ಬಳಸಿದ್ದು, ಹೆಡ್ (ಕಾಗದಕ್ಕೆ ಇಂಕು ಸಿಂಪಡಿಸೋ ಭಾಗ) ಗ್ಯಾರಂಟಿ. ಫೋನ್ ಮಾಡಿದೆ. ಒಳ್ಳೇ ಕನ್ನಡ. "ಬನ್ನಿ ಅಣ್ಣಾ, ನೋಡಿ, ಪ್ರಿಂಟ್ ಹೊಡ್ಸಿ, ಇಷ್ಟ ಆದ್ರೆ ತಗೊಳ್ಳಿ. ಯಾವೂರು ಅಣ್ಣಾ? ತಿಪಟೂರಾ! ನಾನೂ ಗುಬ್ಬಿ ಕಡೆಯವನೇ." ಅಷ್ಟೇ ಸಾಕಾಯಿತು ನನಗೆ. ನಮ್ಮ ಕಡೆಯವನು ಅಂದುಕೊಂಡು ಬೆಳಗಿನ ಟ್ರೈನು ಹತ್ತಿಬಿಟ್ಟೆ.

ಅಂಗಡಿ ಎಸ್‌ಪಿ ರೋಡಿನ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ) ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ. ಅಂಗಡಿ ಹೆಸರು ಬರೆಯೋದಿಲ್ಲ. ಕೈಯಲ್ಲಿ ಬಿಲ್ ಇಲ್ಲದೆ ಹೆಸರು ಬರೆದರೆ ನಾನೇ ಸಿಕ್ಕಿಹಾಕಿಕೊಳ್ಳುತ್ತೇನೆ ಅಂತ ತಿಳಿದವರು ಹೇಳಿದ್ದಾರೆ. ಎಸ್‌ಪಿ ರೋಡಿನವರೆಲ್ಲ ಮೋಸಗಾರರು ಅಂತಲೂ ಅಲ್ಲ. ನನ್ನ ಲ್ಯಾಮಿನೇಷನ್ ಮೆಷಿನ್ ಅಲ್ಲಿಂದಲೇ ತಂದಿದ್ದು, ಆರು ವರ್ಷದಿಂದ ಒಂದು ದಿನ ಕೆಟ್ಟಿಲ್ಲ.

ಪ್ರಿಂಟರ್ ಟೇಬಲ್ ಮೇಲಿತ್ತು. ಫಳಫಳ ಹೊಳೆಯುತ್ತಿತ್ತು. ಆರು ಟ್ಯಾಂಕೂ ತುಂಬಿತ್ತು. "ಒರಿಜಿನಲ್ ಇಂಕ್ ಅಣ್ಣಾ, ಫುಲ್ ಹಾಕ್ಸಿದೀನಿ, ನಿಮ್ಗೆ ಆರು ತಿಂಗಳು ಖರ್ಚೇ ಇಲ್ಲ." ಇಂಕಿನ ದುಡ್ಡು ಉಳೀತಲ್ಲಾ ಅಂತ ಒಳಗೊಳಗೇ ಖುಷಿಪಟ್ಟೆ. ಆ ತುಂಬಿದ ಟ್ಯಾಂಕೇ ನನ್ನ ಪಾಲಿನ ಶನಿ ಅಂತ ಆಗ ಗೊತ್ತಾಗಲಿಲ್ಲ.

ಈಗ ಆ ಘಟ್ಟಕ್ಕೆ ಬರುತ್ತೇನೆ. ರಾತ್ರಿ ಮಲಗಿದರೆ ಇದೇ ತಲೆಯಲ್ಲಿ ಸುತ್ತುತ್ತೆ.

ನಾನೂ ದಡ್ಡನಲ್ಲ ಅಂತ ತೋರಿಸೋಕೆ ಪೆನ್‌ಡ್ರೈವಲ್ಲಿ ನನ್ನದೇ ಫೋಟೋ ಒಯ್ದಿದ್ದೆ. ತಂಗಿ ಮಗಳದು. ಎರಡು ಜಡೆ, ಕೆಂಪು ಟೇಪು, ನೀಲಿ ಯೂನಿಫಾರ್ಮ್. 4×6 ಹಾಳೆಯಲ್ಲಿ ಎಂಟು ಫೋಟೋ ಜೋಡಿಸಿಟ್ಟಿದ್ದೆ. ಪೆನ್‌ಡ್ರೈವ್ ಇಸ್ಕೊಂಡ ಹುಡುಗ ಒಳಗಿನ ರೂಮಿಗೆ ಹೋದ. ಕಂಪ್ಯೂಟರ್ ಅಲ್ಲಿದೆಯಂತೆ. ಸ್ವಲ್ಪ ಹೊತ್ತಿಗೆ ಟೇಬಲ್ ಮೇಲಿನ ಪ್ರಿಂಟರ್ ಕರ್ ಕರ್ ಅಂತು. ಹೆಡ್ ಓಡಾಡೋದು ಕಾಣುತ್ತಿತ್ತು. ಹಾಳೆ ಇನ್ನೇನು ಹೊರಗೆ ಬರಬೇಕು, ಟೀ ಬಂತು. ಮಾಲೀಕ ಎದ್ದು ಬಂದು ನನಗೂ ಪ್ರಿಂಟರಿಗೂ ಮಧ್ಯ ನಿಂತು ಲೋಟ ಕೈಗೆ ಕೊಟ್ಟ. "ಸಕ್ಕರೆ ಸಾಕಾ ಅಣ್ಣಾ?" ಅಂದ. ನಾನು ಸಕ್ಕರೆ ನೋಡುತ್ತಿದ್ದೆ. ಹುಡುಗ ಬಂದು ಹಾಳೆ ಎತ್ತಿಕೊಂಡು, "ಕಟ್ ಮಾಡಿ ತರ್ತೀನಿ" ಅಂತ ಒಳಗೆ ಹೋದ. ಎರಡೇ ನಿಮಿಷ. ಎಂಟು ಫೋಟೋ, ಅಂಚು ನೀಟಾಗಿ ಕತ್ತರಿಸಿ, ಅಂಗೈ ಮೇಲೆ ಇಟ್ಟ. ಎಂಥ ಪ್ರಿಂಟ್ ಅಂತೀರಿ! ಕೆಂಪು ಕೆಂಪೇ. ಕೂದಲಿನ ಕಪ್ಪು ಕಪ್ಪೇ.

ಟೇಬಲ್ ಮೇಲೆ ಬಂದ ಹಾಳೆ ಒಳಗೆ ಯಾಕೆ ಹೋಗಬೇಕು? ಡೆಮೋ ಪ್ರಿಂಟನ್ನು ಯಾರಾದರೂ ಕಟ್ ಮಾಡಿ ಕೊಡುತ್ತಾರಾ? ಒಂದೇ ಒಂದು ಮಾತು ಕೇಳಲಿಲ್ಲ. ಅಷ್ಟೇ ಅಲ್ಲ, "ಕಟಿಂಗ್ ಚೆನ್ನಾಗಿದೆ" ಅಂತ ಆ ಹುಡುಗನನ್ನು ಹೊಗಳಿದೆ! ಒಳಗೆ ಬೇರೆ ಪ್ರಿಂಟರ್ ಇತ್ತಾ, ಕಣ್ಣಾರೆ ನೋಡಿಲ್ಲ. ಆದರೆ ಆ ಎಂಟು ಫೋಟೋ ನಾನು ಹೊತ್ತು ತಂದ ಪ್ರಿಂಟರಿನಿಂದ ಬಂದದ್ದಲ್ಲ. ಬರೋಕೆ ಸಾಧ್ಯವೇ ಇಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಬಿಲ್ ಕೇಳಿದೆ. "ಜಿಎಸ್‌ಟಿ ಬಿಲ್ ಬೇಕಂದ್ರೆ 18 ಪರ್ಸೆಂಟ್ ಮೇಲೆ ಹಾಕ್ಬೇಕಾಗುತ್ತೆ ಅಣ್ಣಾ, ಸುಮ್ನೆ ಯಾಕೆ?" ಅಂದ. ಎಸ್ಟಿಮೇಟ್ ಚೀಟಿ ಕೊಟ್ಟ. ಅದರಲ್ಲಿ 'ಪ್ರಿಂಟರ್ 1' ಅಂತ ಇದೆ ಅಷ್ಟೇ. ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಮಾರಿದ ಮಾಲು ವಾಪಸ್ ಇಲ್ಲ ಅಂತ ಕೆಳಗೆ ಸೀಲು. ಬಾಯಲ್ಲಿ ಮಾತ್ರ ಒಂದು ತಿಂಗಳು ಟೆಸ್ಟಿಂಗ್ ವಾರಂಟಿ. ಪ್ರಿಂಟರನ್ನು ತೊಡೆ ಮೇಲೆ ಇಟ್ಟುಕೊಂಡು, ಮಗು ಥರ, ಟ್ರೈನಲ್ಲಿ ತಂದೆ.

ಮಾರನೇ ದಿನ ಮೊದಲನೇ ಗಿರಾಕಿ, ಸಂಧ್ಯಾ ಸುರಕ್ಷಾ ಪಿಂಚಣಿ ಅರ್ಜಿಗೆ ಫೋಟೋ ಬೇಕು ಅಂತ ಬಂದ ಒಬ್ಬ ಅಜ್ಜ. ಹೊಡೆದೆ. ಹಾಳೆ ನೋಡಿ ನನಗೇ ಎದೆ ಧಸಕ್ಕೆಂದಿತು. ಮುಖ ಎಲ್ಲ ಬಿಳಚಿಕೊಂಡಿದೆ. ಕಪ್ಪು ಕೋಟು ಕಂದು ಆಗಿದೆ. ಬೆರಳಿಟ್ಟರೆ ಅಂಟುತ್ತೆ. ಅಜ್ಜ ಕನ್ನಡಕ ಮೇಲೆ ಮಾಡಿ ನೋಡಿ, "ಇದೇನಪ್ಪಾ, ಮೂರು ದಿನದಿಂದ ಬೇದಿ ಆದೋನ್ ಥರ ಐತಲ್ಲಪ್ಪ" ಅಂದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ. ಹಳೇ ಪ್ರಿಂಟರಲ್ಲೇ ಹೊಡೆದು ಕೊಟ್ಟು, ದುಡ್ಡು ಬೇಡ ಅಂದೆ.

ಅಲ್ಲಿಂದ ಶುರು ಫೋನಿನ ಕಥೆ.

ಮೊದಲ ದಿನ: "ಅಣ್ಣಾ, ಪೇಪರ್ ಯಾವ್ದು? ಲೋಕಲ್ಲಾ? ಒಳ್ಳೇ ಗ್ಲಾಸಿ ಹಾಕಿ." ಹಾಕಿದೆ. ಅದೇ ಬಿಳಚು.

ಎರಡನೇ ದಿನ: "ಸೆಟ್ಟಿಂಗ್ ಸರ್. ಡ್ರೈವರಲ್ಲಿ ಪೇಪರ್ ಟೈಪ್ ನೋಡಿ." ಅಣ್ಣಾ ಹೋಗಿ ಸರ್ ಬಂತು, ಗಮನಿಸಿ. ಹನ್ನೊಂದು ವರ್ಷದಿಂದ ಪ್ರಿಂಟ್ ಹೊಡೆಯೋನಿಗೆ ಪೇಪರ್ ಟೈಪ್ ಹೇಳಿಕೊಡುತ್ತಾನೆ.

ಮೂರನೇ ದಿನ: "ಹೆಡ್ ಕ್ಲೀನಿಂಗ್ ಮೂರು ನಾಕು ಸಲ ಕೊಡಿ ಸರ್, ಸರಿ ಹೋಗುತ್ತೆ." ಕೊಟ್ಟೆ. ಹೆಡ್ ಕ್ಲೀನಿಂಗ್ ಕೊಟ್ಟಾಗಲೆಲ್ಲ ಇಂಕು ಹೊರಗೆ ಚೆಲ್ಲಿ ಒಳಗಿರೋ ಸ್ಪಂಜಿಗೆ, ಅಂದರೆ ಇಂಕ್ ಪ್ಯಾಡಿಗೆ ಹೋಗುತ್ತೆ. ಬೆಳಿಗ್ಗೆ ನೋಡಿದರೆ ಪ್ರಿಂಟರಿನ ಕೆಳಗೆ ಹಾಸಿದ್ದ ನ್ಯೂಸ್‌ಪೇಪರ್ ಒದ್ದೆ. ನೇರಳೆ, ಕಪ್ಪು, ಹಸಿರು ಎಲ್ಲ ಕಲಸಿ, ಟೇಬಲ್ ಸಂದಿಯಿಂದ ಕೆಳಗಿದ್ದ ಎ4 ಬಂಡಲ್ ಮೇಲೆ ತೊಟ್ಟಿಕ್ಕಿತ್ತು. ಫೋಟೋ ತೆಗೆದು ಕಳಿಸಿದೆ. ಉತ್ತರ ಏನು ಗೊತ್ತಾ? "ಟ್ರೈನಲ್ಲಿ ಅಲುಗಾಡಿರುತ್ತೆ ಸರ್. ಟ್ರಾನ್ಸ್‌ಪೋರ್ಟ್ ಲಾಕ್ ಹಾಕಿದ್ರಾ?" ಸಾಗಿಸುವಾಗ ಇಂಕು ಚೆಲ್ಲದಂತೆ ತಡೆಯೋ ಲಾಕ್ ಅದು. ಪ್ಯಾಕ್ ಮಾಡಿ ಟೇಪು ಸುತ್ತಿದವನೇ ಅವನು! ಲಾಕ್ ಹಾಕಬೇಕಿದ್ದವನೂ ಅವನೇ!

ಕೊನೆಗೆ ತುಮಕೂರಿನ ಮೆಕ್ಯಾನಿಕ್ ಹುಡುಗನ ಹತ್ತಿರ ಹೊತ್ತುಕೊಂಡು ಹೋದೆ. ಅವನು ಪ್ರಿಂಟರ್ ಬಿಚ್ಚಲೇ ಇಲ್ಲ. ನನ್ನ ಪ್ರಿಂಟ್ ಬೆಳಕಿಗೆ ಹಿಡಿದು ನೋಡಿ, "ಅಣ್ಣಾ, ಒಂದು ನಿಮಿಷ" ಅಂತ ಬಿಳಿ ಹಾಳೆ ಮೇಲೆ ಅದೇ ತಂಗಿ ಮಗಳ ಫೋಟೋ ದೊಡ್ಡದಾಗಿ ಹೊಡೆದ. ಅದೇ ಸಪ್ಪೆ ಬಣ್ಣ. ಕೆಂಪು ಟೇಪು ಹಳೇ ಹೆಂಚಿನ ಥರ. ಆಮೇಲೆ ಬಿಳಿ ಪಾಲಿಯೆಸ್ಟರ್ ಬಟ್ಟೆ ತುಂಡು ಹಾಸಿ, ಹಾಳೆ ಬೋರಲು ಹಾಕಿ, ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿ ಹಿಡಿದ. ಬಿಸಿ ಪೂರ್ತಿ. ನನಗೆ ಹುಡುಗನಿಗೆ ತಲೆ ಕೆಟ್ಟಿದೆಯಾ ಅನ್ನಿಸಿತು. ಒಂದು ನಿಮಿಷದ ಮೇಲೆ ಮೂಲೆ ಹಿಡಿದು ಹಾಳೆ ಎತ್ತಿದ.

ಬಟ್ಟೆ ಮೇಲೆ ಮಗು ನಗುತ್ತಿತ್ತು. ಎಡಬಲ ಅದಲು ಬದಲಾಗಿ, ಟೇಪು ಕೆಂಪಗೆ ಉರಿಯುತ್ತಾ, ಯೂನಿಫಾರ್ಮ್ ಕಡುನೀಲಿಯಾಗಿ. ಮೂರು ದಿನ ಫೋಟೋ ಪೇಪರ್ ಮೇಲೆ ಬಾರದ ಬಣ್ಣ ಆ ಬಟ್ಟೆ ತುಂಡಿನ ಮೇಲೆ ಬಂದಿತ್ತು.

"ಸಬ್ಲಿಮೇಶನ್ ಇಂಕ್ ಅಣ್ಣಾ. ಇದು ಮಗ್ ಹೊಡೆದಿರೋ ಪ್ರಿಂಟರ್."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಗ್ಗಿಗೆ, ಟೀ ಶರ್ಟಿಗೆ ಫೋಟೋ ಹಾಕೋರು ಬಳಸೋ ಇಂಕು ಅದು. ಕಾಗದದ ಮೇಲೆ ಸಪ್ಪೆಯಾಗೇ ಇರುತ್ತೆ. ಬಿಸಿ ತಾಗಿದಾಗ ಆವಿಯಾಗಿ ಪಾಲಿಯೆಸ್ಟರಿನೊಳಗೆ, ಮಗ್ಗಿನ ಮೇಲಿನ ಕೋಟಿಂಗಿನೊಳಗೆ ಇಳಿದು ಆಗ ಬಣ್ಣ ಬಿಡುತ್ತೆ. ಎಲ್805ಕ್ಕೆ ಈ ಇಂಕು ತುಂಬಿ ಮಗ್ ಕೆಲಸಕ್ಕೆ ಹಾಕೋದು ಮಾಮೂಲಿ. ಅದು ತಪ್ಪಲ್ಲ. ಆ ಪ್ರಿಂಟರನ್ನು 'ಬರೀ ಫೋಟೋಗೆ ಬಳಸಿದ್ದು' ಅಂತ ಮಾರೋದು ತಪ್ಪು. ಟ್ಯಾಂಕಿನಲ್ಲಿ ನೋಡಿದರೆ ಎರಡು ಇಂಕೂ ಒಂದೇ ಥರ ಕಾಣುತ್ತೆ. ಫೋಟೋ ಇಂಕಿಗೆ ಬದಲಾಯಿಸಬೇಕು ಅಂದರೆ ಟ್ಯಾಂಕು ಖಾಲಿ ಮಾಡಿ, ಟ್ಯೂಬು, ಹೆಡ್ಡಿಗೆ ಇಂಕು ಸೋಸಿ ಕೊಡೋ ಡ್ಯಾಂಪರು, ಹೆಡ್ಡು ಎಲ್ಲ ತೊಳೀಬೇಕು.

ಆಮೇಲೆ ಬಿಚ್ಚಿದ. ಸ್ಪಂಜು ಕೈಯಲ್ಲಿ ಹಿಂಡಿದರೆ ಇಂಕು ಸುರಿಯುತ್ತಿತ್ತು. ಪ್ಯಾಡ್ ತುಂಬಿದಾಗ ಪ್ರಿಂಟರ್ ತಾನೇ ನಿಂತು ಲೈಟು ಮಿಣುಕಿಸಬೇಕು. ಇವರು ಪ್ಯಾಡ್ ಬದಲಾಯಿಸದೆ ಸಾಫ್ಟ್‌ವೇರ್ ಹಾಕಿ ಪ್ಯಾಡಿಗೆ ಹೋದ ಇಂಕಿನ ಲೆಕ್ಕ ಇಡೋ ಕೌಂಟರ್ ಮಾತ್ರ ರೀಸೆಟ್ ಮಾಡಿದ್ದರು. ಪಾಪ, ಪ್ರಿಂಟರಿಗೆ ತನ್ನ ಹೊಟ್ಟೆ ತುಂಬಿರೋದೇ ಗೊತ್ತಿಲ್ಲ. ನಾಝಲ್ ಚೆಕ್, ಅಂದರೆ ಹೆಡ್ಡಿನ ತೂತುಗಳಿಂದ ಇಂಕು ಸರಿಯಾಗಿ ಬರುತ್ತಾ ಅಂತ ನೋಡೋ ಗೆರೆಗಳ ಪ್ರಿಂಟ್, ಹೊಡೆದರೆ ಲೈಟ್ ಮಜೆಂಟಾದಲ್ಲಿ ಗೆರೆಗಳೇ ಅರ್ಧ ಇಲ್ಲ. ಕಾರ್ಟ್ರಿಜ್ ಜೊತೆ ಹೆಡ್ ಬರೋ ಪ್ರಿಂಟರ್ ಅಲ್ಲ ಇದು, ಹೆಡ್ ಮೆಷಿನ್ನಿನೊಳಗೇ ಇರುತ್ತೆ. ಅದು ಹೋದರೆ ನಾನು ಕೊಟ್ಟ ದುಡ್ಡಿನ ಹತ್ತಿರಕ್ಕೇ ಬರುತ್ತೆ ಅಂದ. ರಿಪೇರಿ ಬೇಡ ಅಂದೆ. ನೋಡಿದ್ದಕ್ಕೆ 300 ರೂಪಾಯಿ ಇಸ್ಕೊಂಡ. ಅದು ನ್ಯಾಯದ ದುಡ್ಡು.

ಅಲ್ಲಿಂದಲೇ ಫೋನ್ ಮಾಡಿದೆ. ಕೂಗಾಡಿದೆ, ಸುಳ್ಳು ಹೇಳೋದಿಲ್ಲ. ಆ ಕಡೆಯವನು ಪೂರ್ತಿ ಕೇಳಿಸಿಕೊಂಡು ಏನಂದ ಗೊತ್ತಾ? "ನೋಡ್ರೀ, ಪ್ರಿಂಟ್ ಹೊಡ್ಸಿ ನೋಡಿಯೇ ತಗೊಂಡ್ರಲ್ವಾ? ಆವಾಗ ಚೆನ್ನಾಗಿತ್ತಲ್ವಾ? ನೀವೇ ಇಂಕ್ ಚೇಂಜ್ ಮಾಡಿ ಈಗ ನಮ್ಮ ಮೇಲೆ ಹಾಕಿದ್ರೆ?" ಅಣ್ಣಾ, ಸರ್ ಆಗಿ, ಸರ್, ನೋಡ್ರೀ ಆಯಿತು. ಚೀಟಿಯಲ್ಲಿ ಸೀರಿಯಲ್ ನಂಬರ್ ಇಲ್ಲ. ಇದು ಅವನು ಕೊಟ್ಟ ಪ್ರಿಂಟರೇ ಅಂತ ತೋರಿಸೋಕೆ ನನ್ನ ಹತ್ತಿರ ಏನೂ ಇಲ್ಲ. ಆ ಎಂಟು ಒಳ್ಳೇ ಫೋಟೋ ಮಾತ್ರ ಇವೆ. ಅವು ಅವನ ಪರವಾಗೇ ಸಾಕ್ಷಿ ಹೇಳುತ್ತವೆ!

ಸಂಜೆ ಒಂದು ಮೆಸೇಜ್ ಬಂತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: "ಸರ್ ಟೆನ್ಷನ್ ಬೇಡ. ಮಗ್ ಬಿಸಿನೆಸ್ ಮಾಡಿ, ಒಳ್ಳೇ ಮಾರ್ಜಿನ್ ಇದೆ. ಹೀಟ್ ಪ್ರೆಸ್ ನಮ್ಮಲ್ಲೇ ಸಿಗುತ್ತೆ." ಕೆಳಗೆ ಕೈಮುಗಿಯೋ ಚಿತ್ರ.

ಅದನ್ನು ಎಷ್ಟು ಸಲ ಓದಿದೆನೋ.

1915ಕ್ಕೆ, ಅದೇ ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿದೆ. ಮೊದಲು ಕೇಳಿದ್ದೇ ಬಿಲ್. ಪರಿಚಯದ ವಕೀಲರು ಹೇಳಿದ್ದು: ಅಂಗಡಿಗೆ ತಂದ ಮಾಲು ಅಂದ ಮಾತ್ರಕ್ಕೆ ಗ್ರಾಹಕ ಅಲ್ಲ ಅನ್ನೋಕಾಗಲ್ಲ, ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡೋರನ್ನೂ ಕಾನೂನು ಗ್ರಾಹಕರು ಅಂತಲೇ ನೋಡುತ್ತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬೆಂಗಳೂರಿಗೇ ಹೋಗಬೇಕಿಲ್ಲ, ನಮ್ಮ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗೆ ಫೀಸೂ ಇಲ್ಲ. ಎಲ್ಲ ಸರಿ. ಆಮೇಲೆ ಅವರೂ ಕೇಳಿದರು: "ಬಿಲ್ ಎಲ್ಲಿ?" ಚೀಟಿ, ಮೆಸೇಜು, ಬಟ್ಟೆ ತುಂಡು, ಎಲ್ಲ ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ನೋಡೋಣ ಅಂದಿದ್ದಾರೆ.

ನೀವು ತಗೊಳ್ಳೋಕೆ ಹೋದರೆ ಟೀ ಕುಡೀಬೇಡಿ. ತಮಾಷೆ ಅಲ್ಲ. ಹಾಳೆ ಹೊರಗೆ ಬರುವಾಗ ನೀವೇ ಕೈ ಹಾಕಿ ತಗೊಳ್ಳಿ, ಕಟ್ ಮಾಡೋಕೆ ಬಿಡಬೇಡಿ. ನಾಝಲ್ ಚೆಕ್ ನಿಮ್ಮ ಎದುರೇ ಹೊಡೆಸಿ. ಇಂಕ್ ಪ್ಯಾಡ್ ಬಿಚ್ಚಿ ತೋರಿಸು ಅನ್ನಿ, ತೋರಿಸದಿದ್ದರೆ ಎದ್ದು ಬನ್ನಿ. ಟ್ಯಾಂಕು ತುಂಬಿದೆ ಅಂದರೆ ಒಂದು ಬಿಳಿ ಪಾಲಿಯೆಸ್ಟರ್ ಬಟ್ಟೆ, ಒಂದು ಇಸ್ತ್ರಿ ಪೆಟ್ಟಿಗೆ ಕೇಳಿ, ನಗಲಿ ಬಿಡಿ. ಸೀರಿಯಲ್ ನಂಬರ್ ಇಲ್ಲದ ಚೀಟಿಗೆ ದುಡ್ಡು ಎಣಿಸಬೇಡಿ. ಮತ್ತೆ, ನಮ್ಮೂರ ಕಡೆಯವನು ಅಂದರೆ ಇನ್ನೂ ಒಂದು ಸಲ ಯೋಚಿಸಿ. ಗುಬ್ಬಿಯವರು ಬೇಜಾರು ಮಾಡ್ಕೋಬೇಡಿ.

ನಿನ್ನೆ ರಾತ್ರಿ ಸುಮ್ನೆ ಮೊಬೈಲ್ ನೋಡುತ್ತಿದ್ದೆ. ಅವನ ಜಾಹೀರಾತು ಇನ್ನೂ ಇದೆ. ಎಲ್805, ರೀಫರ್ಬಿಶ್ಡ್, ಬರೀ ಫೋಟೋಗೆ ಬಳಸಿದ್ದು. ಈಗ 12,500 ಮಾಡಿದ್ದಾನೆ. ಜೊತೆಗೆ ಹಾಕಿರೋ ಸ್ಯಾಂಪಲ್ ಪ್ರಿಂಟಲ್ಲಿ ಎರಡು ಜಡೆ, ಕೆಂಪು ಟೇಪಿನ ಹುಡುಗಿ ನಗುತ್ತಿದ್ದಾಳೆ.