ಗದ್ದದ ಪಟ್ಟಿಯೋ, ಬಾಯಿ ಮುಚ್ಚೋ ಮಾಸ್ಕೋ? ಸಿಪ್ಯಾಪ್ ಜೊತೆ ನಾನು ಹಾಕಿ ನೋಡಿದ್ದು

ಸ್ಲೀಪ್ ಅಪ್ನಿಯಾ ಅಂದರೆ ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿ ಆಗಾಗ ಉಸಿರು ನಿಲ್ಲುವ ತೊಂದರೆ. ಅದಕ್ಕೆ ಸಿಪ್ಯಾಪ್, ಅಂದರೆ ಒತ್ತಡದ ಗಾಳಿ ಊದಿ ಗಂಟಲನ್ನು ತೆರೆದಿಡುವ ಮಷಿನ್, ಹಾಕಿಕೊಳ್ಳುವ ಬಹಳ ಜನಕ್ಕೆ ಈ ಕಾಟ ಇದ್ದೇ ಇರುತ್ತದೆ. ಮೂಗಿಗೆ ಮಾಸ್ಕ್ ಹಾಕಿಕೊಂಡು ಮಲಗುತ್ತೀರಿ. ನಿದ್ದೆ ಹತ್ತಿದ ಮೇಲೆ ಬಾಯಿ ತಾನಾಗಿ ತೆರೆಯುತ್ತದೆ. ಮೂಗಿನಿಂದ ಹೋದ ಗಾಳಿ ಬಾಯಿಂದ ಹೊರಗೆ ನುಗ್ಗುತ್ತದೆ. ಗಂಟಲನ್ನು ತೆರೆದಿಡಬೇಕಾದ ಒತ್ತಡವೇ ಅಲ್ಲಿ ಉಳಿಯುವುದಿಲ್ಲ. ಬೆಳಗ್ಗೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿರುತ್ತದೆ, ಗೊರಕೆಯೂ ವಾಪಸ್ ಬಂದಿರುತ್ತದೆ. ನನ್ನದು ರೆಸ್‌ಮೆಡ್ ಮಷಿನ್. ಅದರಲ್ಲಿ ಸೋರಿಕೆ ನಿಮಿಷಕ್ಕೆ 24 ಲೀಟರ್ ದಾಟಿದರೆ ಜಾಸ್ತಿ ಅಂತ ಲೆಕ್ಕ. ನನ್ನ ಗ್ರಾಫ್ ಆ ಗೆರೆಯ ಮೇಲೇ ಓಡಾಡುತ್ತಿತ್ತು.

ಮೊದಲು ತಂದದ್ದು ಸಣ್ಣ ಪಟ್ಟಿ. ಗದ್ದದ ಕೆಳಗಿಂದ ಹೊರಟು ಕೆನ್ನೆ ಮೇಲೆ ಹಾದು ನೆತ್ತಿಯಲ್ಲಿ ವೆಲ್ಕ್ರೋ ಹಾಕುವಂಥದ್ದು. ಕೆಲವು ನೂರು ರೂಪಾಯಿ ಅಷ್ಟೇ. ಅದನ್ನು ಕಟ್ಟಿಕೊಂಡು ಹಾಲ್‌ಗೆ ಬಂದಾಗ ಅಮ್ಮ ಟಿವಿ ನೋಡುವುದು ಬಿಟ್ಟು ನನ್ನನ್ನೇ ನೋಡಿದರು. "ಬದುಕಿರೋರು ಹಂಗೆಲ್ಲಾ ಗದ್ದ ಕಟ್ಕೋಬಾರ್ದು ಕಣೋ, ಬಿಚ್ಚು ಮೊದ್ಲು" ಅಂದರು. ತೀರಿಕೊಂಡವರ ಬಾಯಿ ತೆರೆಯದಿರಲಿ ಅಂತ ಬಟ್ಟೆ ಕಟ್ಟುವುದು ಹೀಗೇ ಅಲ್ವಾ. ಹಿರಿಯರಿರುವ ಮನೆಯಲ್ಲಿ ಇದೂ ಒಂದು ತಲೆನೋವು. ಯಾವ ಅಂಗಡಿಯವರೂ ಇದನ್ನು ಹೇಳುವುದಿಲ್ಲ.

ಅಮ್ಮನ ಮಾತು ಹಾಗಿರಲಿ, ಆ ಪಟ್ಟಿಯೇ ನಿಲ್ಲುತ್ತಿರಲಿಲ್ಲ. ನನ್ನ ನೆತ್ತಿಯಲ್ಲಿ ಕೂದಲು ಕಮ್ಮಿ. ಮಗ್ಗುಲು ಬದಲಿಸಿದರೆ ಪಟ್ಟಿ ಹಿಂದಕ್ಕೆ ಜಾರುತ್ತದೆ. ಆಗ ಗದ್ದ ಮೇಲಕ್ಕೆ ಏಳುವ ಬದಲು ಹಿಂದಕ್ಕೆ ಎಳೆಯಲ್ಪಡುತ್ತದೆ. ಗದ್ದದ ಜೊತೆ ನಾಲಿಗೆಯೂ ಹಿಂದೆ ಸರಿಯುತ್ತದೆ, ಗಂಟಲ ದಾರಿ ಇನ್ನಷ್ಟು ಕಿರಿದಾಗುತ್ತದೆ. ನಮಗೆ ಬೇಕಾದ್ದಕ್ಕೆ ಪೂರಾ ಉಲ್ಟಾ.

ಎರಡನೆಯದು ಅಗಲ ಪಟ್ಟಿ. ಕಿವಿಗೆ ಜಾಗ ಬಿಟ್ಟಿರುತ್ತಾರೆ. ಪಟ್ಟಿಯ ಒಂದು ಎಳೆ ನೆತ್ತಿ ಮೇಲೆ, ಇನ್ನೊಂದು ಹಿಂದಲೆಗೆ. ಎರಡೂ ಕಡೆ ಹಿಡಿತ ಇರುವುದರಿಂದ ಬೆಳಗಿನವರೆಗೂ ಜಾಗ ಬಿಡುವುದಿಲ್ಲ. ಅಮ್ಮ ಇದನ್ನು ನೋಡಿ "ಇದು ಮಂಕಿ ಕ್ಯಾಪ್ ಥರ ಇದೆ, ಪರವಾಗಿಲ್ಲ" ಅಂತ ಪಾಸ್ ಮಾಡಿದರು. ಬೇಸಿಗೆಯಲ್ಲಿ ಕತ್ತಿನ ಹತ್ತಿರ ಬೆವರುತ್ತದೆ, ವಾರಕ್ಕೊಮ್ಮೆಯಾದರೂ ಒಗೆಯಲೇಬೇಕು. ಮೊದಲು ಪಟ್ಟಿ, ಅದರ ಮೇಲೆ ಮಾಸ್ಕ್. ತಿರುಗಾಮುರುಗಾ ಹಾಕಿದರೆ ರಾತ್ರಿ ಬಾತ್‌ರೂಮಿಗೆ ಏಳುವಾಗ ಎರಡನ್ನೂ ಬಿಚ್ಚಬೇಕಾಗುತ್ತದೆ.

ಆದರೆ ಎಷ್ಟೇ ಒಳ್ಳೆಯ ಪಟ್ಟಿಯಾದರೂ ಅದು ಹಿಡಿಯುವುದು ದವಡೆಯನ್ನು. ತುಟಿಯನ್ನಲ್ಲ. ಹಲ್ಲು ಕೂಡಿದ್ದರೂ ಕೆನ್ನೆ ಉಬ್ಬಿ, ತುಟಿಯ ಮೂಲೆಯಿಂದ 'ಪುಸ್' ಅಂತ ಗಾಳಿ ಹೋಗುತ್ತದೆ. ಪಕ್ಕದಲ್ಲಿ ಮಲಗುವ ನನ್ನ ಹೆಂಡತಿಗೆ ಗೊರಕೆಗಿಂತ ಈ ಪುಸ್ ಸದ್ದೇ ಕಿರಿಕಿರಿ. ಅಗಲ ಪಟ್ಟಿ ಹಾಕಿದ ಮೇಲೆ ನನ್ನ ಗ್ರಾಫ್ ಬಹುಪಾಲು ರಾತ್ರಿ ಗೆರೆಯ ಕೆಳಗೆ ಬಂತು, ಪೂರ್ತಿ ಸೊನ್ನೆ ಆಗಲಿಲ್ಲ. ಅಷ್ಟು ಸಾಕು. ಪಟ್ಟಿಯನ್ನು ತುಂಬಾ ಬಿಗಿ ಮಾಡಿದರೆ ಬೆಳಗ್ಗೆ ಕಿವಿಯ ಮುಂದಿನ ಕೀಲು ನೋಯುತ್ತದೆ. ಬೇಕೆಂದಾಗ ಬಾಯಿ ತೆರೆಯಲು ಬರುವಷ್ಟು ಸಡಿಲ ಇರಲೇಬೇಕು. ಮಷಿನ್ ಇಲ್ಲದೆ ಬರೀ ಪಟ್ಟಿ ಕಟ್ಟಿಕೊಂಡರೆ ಅಪ್ನಿಯಾ ಹೋಗುವುದಿಲ್ಲ, ಅದಂತೂ ಸುಮ್ನೆ ದುಡ್ಡು ದಂಡ.

ಇನ್ನು ಮೂಗು, ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್. ಬೆಲೆ ಸಾವಿರಗಳಲ್ಲಿ. ಬಾಯಿ ತೆರೆದರೂ ಒತ್ತಡ ಉಳಿಯುತ್ತದೆ, ಇದೇ ಅದರ ದೊಡ್ಡ ಗುಣ. ಕರೆಂಟ್ ಹೋಗಿ ಮಷಿನ್ ನಿಂತರೆ ಉಸಿರು ಕಟ್ಟುತ್ತದೇನೋ ಅಂತ ಹೆದರುವವರಿದ್ದಾರೆ. ಒಳಗೊಂದು ವಾಲ್ವ್ ಇದೆ, ಗಾಳಿ ನಿಂತ ಕೂಡಲೇ ಅದು ತೆರೆದುಕೊಂಡು ಹೊರಗಿನ ಗಾಳಿ ಬಿಡುತ್ತದೆ. ನನಗೆ ಆಗದೇ ಹೋದದ್ದು ಮೀಸೆಯಿಂದ. ಮಾಸ್ಕಿನ ಅಂಚು ನನ್ನ ಗಿರಿಜಾ ಮೀಸೆಯ ತುದಿಯ ಮೇಲೇ ಕೂರುತ್ತದೆ, ಅಲ್ಲಿಂದ ಗಾಳಿ ಕಣ್ಣಿಗೆ ಬಡಿಯುತ್ತದೆ. ಮಗ್ಗುಲಾಗಿ ಮಲಗಿದರೆ ದಿಂಬು ತಳ್ಳಿ ಮತ್ತೆ ಸೋರಿಕೆ. ಮೀಸೆ ತೆಗೆಯುವ ಮಾತು ಮನೆಯಲ್ಲಿ ಬಂತು, ನಾನು ಕೇಳಿಸದವನ ಹಾಗೆ ಇದ್ದೆ.

ತುಟಿಗೆ ಟೇಪ್ ಹಚ್ಚುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮೂಗು ಕಟ್ಟಿದರೆ ಅಥವಾ ವಾಂತಿ ಬಂದರೆ ಗತಿ ಏನು?

ಮೂಗು ಕಟ್ಟುವುದೇ ಇಲ್ಲಿ ಅಸಲು ವಿಷಯ. ಬಾಯಿಂದ ಗಾಳಿ ಸೋರಿದಷ್ಟೂ ತಣ್ಣನೆ ಒಣ ಗಾಳಿ ಮೂಗಿನಲ್ಲಿ ಒಂದೇ ಸಮನೆ ಹಾಯುತ್ತದೆ. ಮೂಗಿನ ಒಳಪದರ ಊದಿಕೊಳ್ಳುತ್ತದೆ. ಮೂಗು ಕಟ್ಟಿತು ಅಂತ ಬಾಯಿ ಇನ್ನೂ ತೆರೆಯುತ್ತದೆ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಡಿಸೆಂಬರ್, ಜನವರಿಯಲ್ಲಿ ನಂದಿ ಬೆಟ್ಟದ ಕಡೆಯಿಂದ ಥಂಡಿ ಇಳಿದರೆ ಕೇಳುವುದೇ ಬೇಡ. ಮಷಿನ್ನಿನಲ್ಲಿ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್‌ನಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ ಬಿಸಿ ಹೆಚ್ಚಿಸಿದ ಮೇಲೆ, ಮಲಗುವ ಮುಂಚೆ ಉಪ್ಪುನೀರಿನ ಸ್ಪ್ರೇ ಹೊಡೆದುಕೊಂಡ ಮೇಲೆ, ಅದೇ ಪಟ್ಟಿ ಎರಡರಷ್ಟು ಕೆಲಸ ಮಾಡಿತು. ಮೂಗಿನ ಗೋಡೆ ಸೊಟ್ಟಗಿದ್ದವರು ಪಟ್ಟಿ ಕೊಳ್ಳುವ ಮುಂಚೆ ಇಎನ್‌ಟಿ ಡಾಕ್ಟರಿಗೆ ತೋರಿಸುವುದು ವಾಸಿ. ಮೂಗು ಕಟ್ಟಿದವನ ಬಾಯಿಯನ್ನೂ ಕಟ್ಟಿದರೆ ಉಸಿರಾಡುವುದು ಎಲ್ಲಿಂದ?

ಈಗ ನನ್ನ ಲೆಕ್ಕ ಹೀಗಿದೆ. ಮಾಮೂಲಿ ದಿನಕ್ಕೆ ಮೂಗಿನ ಮಾಸ್ಕ್, ಅಗಲ ಪಟ್ಟಿ. ನೆಗಡಿ ಬಂದ ರಾತ್ರಿಗೆ, ಕಣ್ಣಿಗೆ ಗಾಳಿ ಬಡಿದರೂ ಸರಿ, ಫುಲ್ ಫೇಸ್. ಹಾಗೆ ಬದಲಿಸುವಾಗ ಮಷಿನ್ನಿನ ಸೆಟ್ಟಿಂಗ್‌ನಲ್ಲಿ ಮಾಸ್ಕ್ ಯಾವುದು ಅನ್ನುವುದನ್ನೂ ಬದಲಿಸಿ. ಇಲ್ಲದಿದ್ದರೆ ಬೆಳಗ್ಗೆ ಅದು ತೋರಿಸುವ ಸೋರಿಕೆಯ ಅಂಕಿಯನ್ನು ನಂಬುವ ಹಾಗಿಲ್ಲ.