ಪದರ ಅಂಟಿಸಿದ ಪ್ಲೈವುಡ್ ಸ್ಪೀಕರ್ ಪೆಟ್ಟಿಗೆ: ಧಾರವಾಡದ ಮಳೆಗಾಲಗಳನ್ನು ಕಂಡ ಮೇಲೆ

ಅಂಗಡಿಯ ಸ್ಪೀಕರುಗಳಲ್ಲಿ ನನಗೆ ಎಂದೂ ಒಪ್ಪಿಗೆಯಾಗದೆ ಉಳಿದದ್ದು ಡಗ್ಗಾ, ಅಂದರೆ ತಬಲಾ ಜೋಡಿಯಲ್ಲಿ ಎಡಗೈಯ ವಾದ್ಯ. ತಬಲಾದ ಬಲಗೈ ಸ್ಪಷ್ಟವಾಗಿ ಕೇಳಿಸುತ್ತದೆ. ಎಡಗೈ ಅಂಗೈಯ ಬುಡ ಒತ್ತಿ ನಾದವನ್ನು ಎಳೆದ ಕೂಡಲೇ ಪೆಟ್ಟಿಗೆಯೂ ತನ್ನದೊಂದು ದನಿ ಸೇರಿಸಿಬಿಡುತ್ತದೆ. ಗಂಗೂಬಾಯಿ ಹಾನಗಲ್ಲರ ಕಂಠಕ್ಕೂ ಇದೇ ಗತಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರಿಗೆ ಬಂದ ಆ ತುಂಬು, ಗಡಸು ದನಿಯ ತೂಕವೆಲ್ಲ ಕೆಲವು ನೂರು ಹರ್ಟ್ಜ್‌ನ ವಲಯದಲ್ಲಿದೆ. ತೆಳು ಹಲಗೆಯ ಪೆಟ್ಟಿಗೆಯ ಗೋಡೆಗಳು ತಾವಾಗಿ ಮಿಡಿಯುವುದೂ ಬಹುಮಟ್ಟಿಗೆ ಅಲ್ಲಿಯೇ. ಧಾರವಾಡದಲ್ಲಿ ಎದುರಿಗೆ ಕುಳಿತು ಕಛೇರಿ ಕೇಳಿ ಬೆಳೆದವರಿಗೆ ಈ ಕಲಬೆರಕೆ ಸಹಿಸಲು ಆಗುವುದಿಲ್ಲ.

ಹಾಗಾಗಿ ಗೋಡೆ ಮಿಡಿಯದ ಪೆಟ್ಟಿಗೆಯನ್ನು ಮಾಡಿಸಿದೆ. ಉಣಕಲ್ಲಿನಲ್ಲಿರುವ ಪರಿಚಿತ ಬಡಿಗರ ಶೆಡ್ಡಿನಲ್ಲಿ, ಅವರ ಮರ ಕೊರೆಯುವ ರೂಟರ್ ಯಂತ್ರದಿಂದ, 18 ಮಿ.ಮೀ. ಪ್ಲೈವುಡ್ಡನ್ನು ಲಾಳದ ಆಕಾರದಲ್ಲಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸುತ್ತಾ ಹೋದೆವು. ಒಂದು ಪೆಟ್ಟಿಗೆಗೆ ಇಪ್ಪತ್ತು ಪದರ. 230 ಮಿ.ಮೀ. ಅಗಲ, 300 ಮಿ.ಮೀ. ಆಳದ ತುಂಡುಗಳಾದ್ದರಿಂದ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದೇ ಹಾಳೆಯಲ್ಲಿ ಎರಡು ಪೆಟ್ಟಿಗೆಯ ನಲವತ್ತೂ ಹೊರಟವು. ನನ್ನ ಲೆಕ್ಕಾಚಾರವೆಲ್ಲ ಆ ಒಂದು ಹಾಳೆಯ ಮೇಲೆ ನಿಂತಿತ್ತು. ಎರಡನೆಯ ಹಾಳೆಗೆ ಹಣ ಇಟ್ಟಿರಲಿಲ್ಲ. ಒಳಗಿನ ತಳದ ನಾದದ ವೂಫರ್, ಮೇಲಿನ ನಾದದ ಟ್ವೀಟರ್, ನಾದವನ್ನು ಇವೆರಡಕ್ಕೂ ಹಂಚುವ ಕ್ರಾಸ್‌ಓವರ್‌ಗಳ ವಿವರ ಎಲ್ಲ ಕಡೆಯೂ ಸಿಗುತ್ತದೆ. ನಾನು ಬರೆಯುತ್ತಿರುವುದು ಮರದ ಬಗ್ಗೆ.

ಅಂಟು ಸಾಮಾನ್ಯ ಬಿಳಿ ಮರದಂಟು. ಏಪ್ರಿಲ್ ಬಿಸಿಲಿನಲ್ಲಿ ಅದು ಸವರಿದ ಕೆಲವೇ ನಿಮಿಷಗಳಲ್ಲಿ ಕೆನೆಗಟ್ಟುತ್ತದೆ. ಆದ್ದರಿಂದ ಒಮ್ಮೆಗೆ ನಾಲ್ಕೈದು ಪದರಕ್ಕಿಂತ ಹೆಚ್ಚಿಗೆ ಕೈ ಹಾಕಬಾರದು. ಹಸಿ ಅಂಟಿನ ಮೇಲೆ ಪದರಗಳು ಜಾರುತ್ತವೆ; ಪ್ರತಿ ಲಾಳದಲ್ಲೂ ಎರಡು ತೂತು ಕೊರೆದು ಮರದ ಗೂಟ ಇಳಿಸಿದರೆ ಅಲುಗುವುದಿಲ್ಲ. ನಾಲ್ಕು ಮೂಲೆಗೆ ತಿರುಪಿನ ಸುತ್ತು ಇರುವ ಉದ್ದನೆಯ ಕಬ್ಬಿಣದ ಸರಳು, ಮೇಲೆ ಕೆಳಗೆ ದಪ್ಪ ಹಲಗೆ, ನಟ್ಟು ಬಿಗಿದು ರಾತ್ರಿಯಿಡೀ ಬಿಡುವುದು. ಕಾಗದದಲ್ಲಿ 360 ಮಿ.ಮೀ. ಇದ್ದ ಎತ್ತರ ಕೈಯಲ್ಲಿ 350ರ ಆಸುಪಾಸಿಗೆ ಬಂತು, ಏಕೆಂದರೆ 18 ಎಂದು ಮಾರುವ ಹಾಳೆ ನಿಜಕ್ಕೂ 18 ಇರುವುದು ಅಪರೂಪ.

ಫಲಿತಾಂಶ ಮೊದಲ ದಿನವೇ ಕಿವಿಗೆ ಬಿತ್ತು. ಮೂರು ಸೆಂಟಿಮೀಟರ್ ದಪ್ಪದ ಬಾಗಿದ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಬಂಡೆ ತಟ್ಟಿದ ಹಾಗೆ ಮೊಂಡು ಸದ್ದು. ಪಕ್ಕದ ಗೋಡೆಗಳು ಹಿಂದಕ್ಕೆ ಹೋಗುತ್ತಾ ಒಂದಕ್ಕೊಂದು ಹತ್ತಿರವಾಗುವುದರಿಂದ ಅವುಗಳ ನಡುವೆ ಸಿಕ್ಕಿಬಿದ್ದು ಅನುರಣಿಸುವ ಅಲೆಯ ಕಾಟವೂ ಕಡಿಮೆ. ಮೇಲಿನ ಮತ್ತು ಕೆಳಗಿನ ಹಲಗೆಗಳು ಮಾತ್ರ ಸಮಾನಾಂತರವಾಗಿಯೇ ಉಳಿಯುತ್ತವೆ. ಅವುಗಳ ನಡುವಿನ ಅಂತರ ಸುಮಾರು 31 ಸೆಂ.ಮೀ., ಎಂದರೆ 550 ಹರ್ಟ್ಜ್‌ನ ಹತ್ತಿರ ಒಂದು ಅಲೆ ನಿಂತುಬಿಡುತ್ತದೆ. ಇದಕ್ಕೆ ರಾಣೆಬೆನ್ನೂರು ಕಡೆಯ ಕುರಿ ಉಣ್ಣೆಯ ಕಂಬಳಿಯ ತುಂಡೊಂದನ್ನು ಸಡಿಲವಾಗಿ ಮಡಚಿ, ಪೆಟ್ಟಿಗೆಯ ಎತ್ತರದ ನಟ್ಟ ನಡುವೆ ಅಡ್ಡಲಾಗಿ ತೂಗುಬಿಟ್ಟಿದ್ದೇನೆ. ಹಲಗೆಗೆ ಅಂಟಿಸಿದರೆ ಪ್ರಯೋಜನ ಅಲ್ಪ. ಆ ಅಲೆಯಲ್ಲಿ ಗಾಳಿ ಅತಿ ಹೆಚ್ಚು ಓಲಾಡುವುದು ನಡುವಿನಲ್ಲಿ. ಉಣ್ಣೆ ಅದನ್ನು ಹಿಡಿಯಬೇಕಾದದ್ದು ಅಲ್ಲಿ. ನೂರಾರು ರೂಪಾಯಿಯ ಫೋಮಿಗಿಂತ ಈ ಒರಟು ಕಂಬಳಿ ನನಗೆ ಹೆಚ್ಚು ಒಪ್ಪಿತು. ನುಸಿ ಹಿಡಿಯದಂತೆ ಒಣಗಿದ ಬೇವಿನ ಎಲೆ ಜೊತೆಗಿದೆ. ದಸರೆಯ ಹೊತ್ತಿಗೆ ಮುಂಭಾಗದ ಹಲಗೆ ಬಿಚ್ಚಿ, ಕಂಬಳಿಯನ್ನು ಮಾಳಿಗೆಯ ಬಿಸಿಲಿಗೆ ಹಾಕಿ, ಎಲೆ ಬದಲಿಸುವುದು ಮನೆಯ ವಾಡಿಕೆಯಾಗಿದೆ.

ಬೆಳಗಿನ ಕೇಳ್ಮೆ ಈ ಪೆಟ್ಟಿಗೆಗಳಿಂದಲೇ ಬದಲಾಯಿತು ಎನ್ನಬಹುದು. ಚಹಾ ಒಲೆಯ ಮೇಲಿರುವಾಗಲೇ ಧಾರವಾಡ ಆಕಾಶವಾಣಿ ಹಚ್ಚುತ್ತೇನೆ. 1950ರಿಂದ ಈ ಊರಿನ ಬೆಳಗನ್ನು ಎಬ್ಬಿಸುತ್ತ ಬಂದಿರುವ ನಿಲಯ ಅದು. ಪಕ್ಕದ ಕೋಣೆಯಲ್ಲಿ ಮಲಗಿದವರು ಏಳದಷ್ಟು ಸಣ್ಣ ದನಿ. ಆ ಸಣ್ಣ ದನಿಯಲ್ಲಿಯೂ ತಂಬೂರಿಯ ಖರ್ಜದ, ಅಂದರೆ ಕೆಳ ಷಡ್ಜದ, ತಂತಿ ತನ್ನ ಪೂರ್ತಿ ಉದ್ದಕ್ಕೆ ಮಿಡಿದು, ಜವಾರಿಯ (ತಂತಿಯ ಝೇಂಕಾರದ) ಎಳೆಗಳನ್ನು ಒಂದೊಂದಾಗಿ ಬಿಡಿಸುವುದು ಕೇಳಿಸುತ್ತದೆ. ಮಲ್ಲಿಕಾರ್ಜುನ ಮನಸೂರರ ಹಳೆಯ ಧ್ವನಿಮುದ್ರಿಕೆಗಳಲ್ಲಿ ಹಿಂದೆ ಗೊಂದಲದ ಗುಂಯ್‌ಗುಡುವಿಕೆಯಾಗಿದ್ದ ತಂಬೂರಿ ಈಗ ಅವರ ಬೆನ್ನ ಹಿಂದೆ ಬೇರೆಯಾಗಿ ಕುಳಿತಿದೆ. ಕೇಳುತ್ತ ಕೇಳುತ್ತ ಒಣ ಬಟ್ಟೆಯಿಂದ ಪದರಗಳ ಗೆರೆಯುದ್ದಕ್ಕೆ ಧೂಳು ಒರೆಸುತ್ತೇನೆ. ತಿಳಿ ಮತ್ತು ಕಡು ಬಣ್ಣದ ನೂರಾರು ಗೆರೆಗಳು ತಿರುವನ್ನು ಸುತ್ತಿಕೊಂಡು ಸಾಗುವುದನ್ನು ನೋಡುವುದೇ ಒಂದು ಸುಖ.

ಇಷ್ಟೆಲ್ಲ ಹೇಳಿದ ಮೇಲೆ ಹಾಳೆಯ ವಿಷಯಕ್ಕೆ ಬರಬೇಕು. ಅಲ್ಲಿ ನನ್ನ ಸಿಟ್ಟು ಇನ್ನೂ ಆರಿಲ್ಲ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಒಳಗೆ ಸಂದುಗಳಿಲ್ಲದ ಹಾಳೆ ಬೇಕೆಂದು ಕೇಳಿ, ಅದಕ್ಕೆಂದೇ ಹೆಚ್ಚು ಬೆಲೆ ಕೊಟ್ಟು ತಂದಿದ್ದೆ. ಒಂದು ಬೇಸಿಗೆ ಕಳೆದ ಬಳಿಕ ಡಗ್ಗಾದ ಪ್ರತಿ ಪೆಟ್ಟಿನ ಹಿಂದೆ ಸಣ್ಣಗೆ ‘ಸುಯ್’ ಎಂಬ ಸದ್ದು ಸೇರಿಕೊಂಡಿತು. ವೂಫರಿನದಲ್ಲ, ತಂತಿಯದಲ್ಲ. ಮೊಬೈಲಿನಿಂದ 45 ಹರ್ಟ್ಜ್‌ನ ಸ್ಥಿರ ನಾದ ಹಾಕಿ, ಊದಿನಕಡ್ಡಿ ಹಚ್ಚಿ ಗೋಡೆಯುದ್ದಕ್ಕೂ ನಿಧಾನವಾಗಿ ಸರಿಸಿದೆ. ಕೆಲವು ಜಾಗಗಳಲ್ಲಿ ಹೊಗೆಯ ಎಳೆ ನೆಟ್ಟಗೆ ಏರದೆ ನಡುಗಿ ಚದುರಿತು. ಗೋಡೆಯೊಳಗಿಂದ ಗಾಳಿ ಬರುತ್ತಿತ್ತು.

ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಈ ಬಗೆಯ ಪೆಟ್ಟಿಗೆ ಮಾಡುವವರಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಪ್ಲೈವುಡ್ಡಿನ ಒಳ ಪದರಗಳಲ್ಲಿ ತೆಳು ಹಲಗೆಗಳು ಒಂದಕ್ಕೊಂದು ಕೂಡದೆ ಬಿಟ್ಟ ಸಂದುಗಳು ಇರುತ್ತವೆ. ಕಪಾಟಿಗೆ ಬಳಸಿದಾಗ ಹಾಳೆಯ ಮುಖವೇ ಗೋಡೆ; ಸಂದು ಎರಡು ಮುಖಗಳ ನಡುವೆ ಮುಚ್ಚಿಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ. ಪದರ ಅಂಟಿಸಿದ ಪೆಟ್ಟಿಗೆಯಲ್ಲಿ ಹಾಳೆಯ ಅಂಚೇ ಗೋಡೆ. ಒಂದು ಅಂಚು ಒಳಗೆ, ಇನ್ನೊಂದು ಹೊರಗೆ. ನಡುವೆ ಮೂರು ಸೆಂಟಿಮೀಟರ್ ಮಾತ್ರ. ಅಡ್ಡಕ್ಕೆ ಸಂದಿದ್ದರೆ ಅದು ಪೆಟ್ಟಿಗೆಯ ಒಳಗಿನಿಂದ ಹೊರಗಿನವರೆಗೆ ನೇರ ಸುರಂಗ. ಬಡಿಗರು ಹೊರಗಿನ ಬಾಯಿಗಳಿಗೆ ಪುಟ್ಟಿ ತುಂಬಿದ್ದರು. ಒಣ ತಿಂಗಳುಗಳಲ್ಲಿ ಅದು ಕುಗ್ಗಿ ಬಿರುಕುಬಿಟ್ಟಿತು, ಸುರಂಗಗಳು ತೆರೆದವು. ಸೋರುವ ಪೆಟ್ಟಿಗೆಯಲ್ಲಿ ಪೋರ್ಟಿನ (ತಳದ ನಾದಕ್ಕೆಂದು ಪೆಟ್ಟಿಗೆಯಲ್ಲಿ ಬಿಟ್ಟ ಗಾಳಿಯ ಕೊಳವೆಯ) ಶ್ರುತಿಯೂ ಸಡಿಲವಾಗುತ್ತದೆ, ತಳದ ನಾದ ಸೊರಗುತ್ತದೆ. ಅಂಗಡಿಗೆ ಹೋಗಿ ತುಂಡು ತೋರಿಸಿದಾಗ ಹಾಳೆಯ ಮೇಲಿನ ಐಎಸ್‌ಐ ಮುದ್ರೆಯನ್ನೇ ತೋರಿಸಿ ಕಳುಹಿಸಿದರು. ಸಂದಿಲ್ಲ ಎಂದು ಬಾಯಿ ತುಂಬ ಹೇಳಿ ಹಣ ಪಡೆದವರು ಹಾಗೆ ಮಾಡಬಾರದಿತ್ತು.

ದುರಸ್ತಿ ಸಾಧ್ಯವಾದದ್ದು ಮುಂಭಾಗದ ಹಲಗೆಯನ್ನು ಅಂಟಿಸದೆ ತಿರುಪಿನಿಂದ ಬಿಗಿದಿದ್ದರಿಂದ. ಎಪಾಕ್ಸಿ ಅಂಟಿಗೆ ನುಣ್ಣನೆಯ ಮರದ ಹುಡಿ ಕಲಸಿ, ಔಷಧದ ಸಿರಿಂಜಿನಿಂದ ಕಂಡ ಕಂಡ ಸಂದಿಗೆಲ್ಲ ಒತ್ತಿ, ಒಳಗೋಡೆಗೆ ತೆಳು ಎಪಾಕ್ಸಿಯ ಎರಡು ಕೈ ಬಳಿದೆ. ಸದ್ದು ಪೂರ್ತಿ ನಿಂತಿತು, ಮತ್ತೆ ಬಂದಿಲ್ಲ. ಎಪಾಕ್ಸಿಗೆ ಆದ ಖರ್ಚು ಹಾಳೆಯ ಬೆಲೆಯ ಹತ್ತಿರಕ್ಕೆ ಬಂತು.

ಆ ತಿರುಪು ಹಲಗೆಗೆ ಇನ್ನೊಂದು ಕಾರಣವೂ ಇದೆ. ಪ್ಲೈವುಡ್ ಉದ್ದ ಅಗಲಗಳಲ್ಲಿ ಹೆಚ್ಚು ಹಿಗ್ಗುವುದಿಲ್ಲ, ದಪ್ಪದಲ್ಲಿ ಹಿಗ್ಗುತ್ತದೆ. ಇಪ್ಪತ್ತು ದಪ್ಪಗಳನ್ನು ಪೇರಿಸಿದ ಪೆಟ್ಟಿಗೆ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಎತ್ತರವಾಗುತ್ತದೆ. ನೆಟ್ಟಗೆ ನಿಂತ ಮುಂಭಾಗದ ಹಲಗೆ ಇದ್ದಷ್ಟೇ ಇರುತ್ತದೆ. ಏಪ್ರಿಲಿನಲ್ಲಿ ಸಮವಾಗಿದ್ದ ಮೇಲಂಚು ಆಗಸ್ಟಿನಲ್ಲಿ ಉಗುರಿಗೆ ತಡೆಯುತ್ತದೆ. ಅಂಟಿಸಿದ್ದರೆ ಎಲ್ಲಾದರೂ ಸೀಳುತ್ತಿತ್ತು. ತಿರುಪಿನ ತೂತುಗಳನ್ನು ಉದ್ದುದ್ದ ಕೊರೆದು, ನಡುವೆ ಫೋಮ್ ಪಟ್ಟಿ ಇಟ್ಟರೆ ಎರಡೂ ತಮ್ಮಷ್ಟಕ್ಕೆ ಸರಿದಾಡುತ್ತವೆ. ಮಳೆಗಾಲದಲ್ಲಿ ಪದರಗಳ ಗೆರೆಗಳೂ ಬೆರಳಿಗೆ ಸಿಗುವಷ್ಟು ಏಳುತ್ತವೆ. ಗದಗಿನ ಒಣ ಹವೆಯಲ್ಲಿ ಇದು ಇಷ್ಟು ಕಾಣಲಿಕ್ಕಿಲ್ಲ. ನಾನು ಹಚ್ಚಿರುವುದು ಕಾಯಿಸಿದ ಅಗಸೆ ಎಣ್ಣೆ. ಅದು ತೇವವನ್ನು ಅಷ್ಟಾಗಿ ತಡೆಯುವುದಿಲ್ಲ, ಆದರೆ ವರ್ಷಕ್ಕೊಮ್ಮೆ ತೆಳುವಾಗಿ ಮರಳಿ ಸವರಿದರೆ ಮರ ಹೊಸದಾಗುತ್ತದೆ. ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಹರವಿ.

ಮರ ಪೋಲಾಗುವುದು ಈ ವಿಧಾನದ ನಿಜವಾದ ಬೆಲೆ. ಲಾಳದ ಒಳಗಿನಿಂದ ಹೊರಬಿದ್ದ ತುಂಡುಗಳೇ ಹಾಳೆಯ ಅರ್ಧದ ಹತ್ತಿರಕ್ಕೆ ಬರುತ್ತವೆ. ಅವುಗಳಿಂದ ಮಗಳ ಓದುವ ಮೇಜಿಗೆ ಇದೇ ಬಗೆಯ ಸಣ್ಣ ಜೋಡಿಯೊಂದನ್ನು ಈಗ ಮಾಡುತ್ತಿದ್ದೇವೆ. ಈ ಸಲ ಪ್ರತಿ ತುಂಡಿನ ಅಂಚನ್ನೂ ದೀಪಕ್ಕೆ ಹಿಡಿದು ನೋಡಿ, ಸಂದುಗಳಿಗೆ ಮೊದಲೇ ಎಪಾಕ್ಸಿ ತುಂಬಿ, ನಂತರ ಪದರ ಜೋಡಿಸುತ್ತಿದ್ದೇವೆ. ಹದಿಮೂರು ಪದರಗಳ ಬರ್ಚ್ ಹಾಳೆಯಲ್ಲಿ ಈ ಕಾಟ ಬಹಳ ಕಡಿಮೆ. ಅದರ ಬೆಲೆ ನನ್ನ ಕೈಗೆ ಎಟುಕುವುದಿಲ್ಲ. ಇಲ್ಲಿಯ ಹಾಳೆಯನ್ನೇ ಕೊಳ್ಳುವವರು ಹಣ ಕೊಡುವ ಮೊದಲು ಅಂಗಡಿಯಲ್ಲಿಯೇ ಅದನ್ನು ನಡುವೆ ಕೊಯ್ಯಿಸಿ, ಹೊಸ ಅಂಚನ್ನು ನೋಡಲಿ. ಕಾರ್ಖಾನೆಯ ಅಂಚಿನಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ. ಕೊಯ್ಯಲು ಒಪ್ಪದ ಅಂಗಡಿಯಲ್ಲಿ ಈ ಕೆಲಸಕ್ಕೆ ಹಾಳೆ ತರಬೇಡಿ.