ಬಿಎಸ್ಸಿ ಬಯಾಲಜಿಗೆ ಶಿಕ್ಷಣ ಸಾಲ: ಕಂತು ಮೊದಲು, ಸಂಬಳ ಆಮೇಲೆ

ನೀಟ್ ಕೈಕೊಟ್ಟ ಮೇಲೆ ಬಿಎಸ್ಸಿಯ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಅಥವಾ ಬಯೋಟೆಕ್ನಾಲಜಿಗೆ ಸೇರುವ ಮಕ್ಕಳು ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಪ್ರತಿ ವರ್ಷ ಇದ್ದೇ ಇರುತ್ತಾರೆ. ಅವರ ಮನೆಯವರು ಬ್ಯಾಂಕಿನಲ್ಲಿ ಕೇಳುವುದು ಬ್ಯಾಂಕುಗಳ ಸಂಘ ಐಬಿಎ ರೂಪಿಸಿದ ಮಾದರಿಯ ಶಿಕ್ಷಣ ಸಾಲ. 4 ಲಕ್ಷದವರೆಗೆ ಮಾರ್ಜಿನ್ ಹಣ (ನಮ್ಮ ಕೈಯಿಂದ ಹಾಕುವ ಪಾಲು) ಬೇಡ, 7.5 ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ, ತೀರಿಸಲು 15 ವರ್ಷದವರೆಗೆ ಕಾಲಾವಕಾಶ. ಓದಿಸುವ ಸಾಲವಾಗಿ ಒಳ್ಳೆಯದೇ. ಆದರೆ ಮೂರು ವರ್ಷದ ಸಾದಾ ಬಿಎಸ್ಸಿಗೆ ಇದಕ್ಕೆ ನಮ್ಮ ಅಂಕ 5ಕ್ಕೆ 2.

ಲೆಕ್ಕ ಹೀಗಿದೆ. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ 1 ಲಕ್ಷದಂತೆ 3 ಲಕ್ಷ ಎತ್ತಿದಿರಿ, ಬಡ್ಡಿ ಶೇ 10 ಅಂದುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಮೊರಟೋರಿಯಂ, ಅಂದರೆ ಕಂತು ಕಟ್ಟಬೇಕಿಲ್ಲ. ಅಷ್ಟರವರೆಗೂ ಸರಳ ಬಡ್ಡಿ ಓಡುತ್ತಲೇ ಇರುತ್ತೆ: ಮೊದಲ ಲಕ್ಷಕ್ಕೆ ನಾಲ್ಕು ವರ್ಷದ 40,000, ಎರಡನೆಯದಕ್ಕೆ 30,000, ಮೂರನೆಯದಕ್ಕೆ 20,000. ಕಂತು ಶುರುವಾಗುವ ದಿನ ಬಾಕಿ 3.9 ಲಕ್ಷ. ಏಳು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 6,470 ರೂಪಾಯಿ. 15 ವರ್ಷಕ್ಕೆ ಎಳೆದರೆ 4,190ಕ್ಕೆ ಇಳಿಯುತ್ತೆ, ಆದರೆ ಒಟ್ಟು ಕಟ್ಟುವುದು 7.5 ಲಕ್ಷ ದಾಟುತ್ತೆ. ಸರ್ಕಾರದ ಯುವನಿಧಿ ಪದವೀಧರರಿಗೆ ಕೊಡುವುದು ತಿಂಗಳಿಗೆ 3,000, ಅದೂ ಹೆಚ್ಚೆಂದರೆ ಎರಡು ವರ್ಷ. ಯಾವ ಲೆಕ್ಕದಲ್ಲೂ ಅದರಿಂದ ಕಂತು ಹುಟ್ಟಲ್ಲ.

ಓದುವಾಗಲೇ ಬಡ್ಡಿ ಕಟ್ಟಿಕೊಂಡು ಹೋದರೆ ಚಿತ್ರವೇ ಬೇರೆ. ಮೊದಲ ವರ್ಷ ತಿಂಗಳಿಗೆ 833, ಎರಡನೇ ವರ್ಷ 1,667, ಆಮೇಲೆ 2,500. ಆಗ ಅಸಲು 3 ಲಕ್ಷದಲ್ಲೇ ನಿಲ್ಲುತ್ತೆ, ಏಳು ವರ್ಷದ ಕಂತು 4,980. ಹೀಗೆ ಕಟ್ಟುವವರಿಗೆ ಹಲವು ಬ್ಯಾಂಕು ಬಡ್ಡಿಯಲ್ಲಿ ಶೇ 1 ಬಿಡುವುದೂ ಉಂಟು. ತೊಡಕು ಇಷ್ಟೇ, ರೈತರ ಮನೆಗೆ ಮೆಕ್ಕೆಜೋಳದ ದುಡ್ಡು ವರ್ಷಕ್ಕೊಮ್ಮೆ ಬರುತ್ತೆ, ಬಡ್ಡಿ ತಿಂಗಳು ತಿಂಗಳೂ ಬೀಳುತ್ತೆ. ಫಸಲು ಮಾರಿದಾಗ ಒಟ್ಟಿಗೆ ಕಟ್ಟಿದರೂ ಪರವಾಗಿಲ್ಲ, ಅಸಲಿಗೆ ಸೇರುವ ಮೊತ್ತ ಅಷ್ಟು ಕಮ್ಮಿಯಾಗುತ್ತೆ.

ಇನ್ನು ದುಡಿಮೆ. ದಾವಣಗೆರೆಯ ಪಿ.ಜೆ. ಬಡಾವಣೆಯ ಡಯಾಗ್ನೋಸ್ಟಿಕ್ ಲ್ಯಾಬುಗಳನ್ನು ನೋಡಿ 'ಬಯಾಲಜಿ ಓದಿದರೆ ಇಲ್ಲೇ ಕೆಲಸ' ಅಂದುಕೊಳ್ಳುವವರು ಬಹಳ. ರಕ್ತ ಪರೀಕ್ಷೆಯ ಟೆಕ್ನಿಷಿಯನ್ ಆಗಲು ಬೇಕಾದದ್ದು ಲ್ಯಾಬ್ ತಂತ್ರಜ್ಞಾನದ ಕೋರ್ಸು: ಡಿಎಂಎಲ್‌ಟಿ ಅಥವಾ ಬಿಎಸ್ಸಿ ಎಂಎಲ್‌ಟಿ. ಸಿಬಿಝಡ್ ಅಂಕಪಟ್ಟಿ ಅಲ್ಲಿ ನಡೆಯಲ್ಲ. ಮೆಡಿಕಲ್ ರೆಪ್ ಕೆಲಸ ಸಿಗುತ್ತೆ, ಟಾರ್ಗೆಟ್ ಒತ್ತಡ ತಡೆಯುವವರಿಗೆ. ಸರ್ಕಾರಿ ಶಾಲೆಯ 6ರಿಂದ 8ನೇ ತರಗತಿಗೆ ಪಾಠ ಮಾಡಲು ಬಿಎಸ್ಸಿ ಮೇಲೆ ಬಿಎಡ್, ಅದರ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ. ಪಿಯು ಉಪನ್ಯಾಸಕರಾಗಲು ಎಂಎಸ್ಸಿ, ಬಿಎಡ್ ಎರಡೂ. ಸಾಲ ಎಡವುವುದು ಇಲ್ಲೇ: ಬಿಎಡ್ ಎರಡು ವರ್ಷ, ಮೊರಟೋರಿಯಂ ಒಂದೇ ವರ್ಷ. ಹುಡುಗಿ ಬಿಎಡ್ ಎರಡನೇ ವರ್ಷದ ಪಾಠಯೋಜನೆ ಬರೆಯುತ್ತಾ ಕೂತಿರುವಾಗ ಅಪ್ಪನ ಫೋನಿಗೆ ಮೊದಲ ಕಂತಿನ ಮೆಸೇಜು ಬಂದಿರುತ್ತೆ. ಮುಂದಿನ ಕೋರ್ಸಿನ ಪ್ರವೇಶ ಪತ್ರ ಕೊಟ್ಟು ಗಡುವು ಮುಂದೂಡಲು ಲಿಖಿತವಾಗಿ ಕೇಳಬೇಕು, ಅದೂ ಕಂತು ಶುರುವಾಗುವ ಮೊದಲೇ. ತಾನಾಗಿ ಮುಂದೆ ಹೋಗಲ್ಲ. ಮೂರು ಕಂತು ತಪ್ಪಿದರೆ ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ.

ಬಡ್ಡಿ ಸಹಾಯಧನವನ್ನು ನಂಬಿ ಕೂರಬೇಡಿ. ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಮೊರಟೋರಿಯಂ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ ಮಾತ್ರ. ಸಾದಾ ಬಿಎಸ್ಸಿ ಅದರಲ್ಲಿ ಬರಲ್ಲ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷ ಆದಾಯದವರೆಗೆ ಶೇ 3 ಬಡ್ಡಿ ರಿಯಾಯಿತಿ ಉಂಟು, ಆದರೆ ಕಾಲೇಜುಗಳಿಗೆ ಕೇಂದ್ರ ಕೊಡುವ ಶ್ರೇಯಾಂಕವಾದ ಎನ್‌ಐಆರ್‌ಎಫ್ ಆಧಾರದ ಪಟ್ಟಿಯಲ್ಲಿರುವ ಕಾಲೇಜುಗಳಿಗಷ್ಟೇ. ಅರ್ಜಿ ಹಾಕುವ ಮೊದಲು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಕಾಲೇಜಿನ ಹೆಸರು ಹುಡುಕಿ.

ಶಾಖೆಯಲ್ಲಿ ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಅಪ್ಪನ ಬೆಳೆ ಸಾಲ ಸುಸ್ತಿಯಾಗಿರುವುದರಿಂದ. ಸಹ ಸಾಲಗಾರ ಅವರೇ ಆದ್ದರಿಂದ ಮೊದಲು ಅವರ ಸಿಬಿಲ್ (ಸಾಲ ತೀರಿಸಿದ ದಾಖಲೆ) ತೆಗೆಸಿ ನೋಡಿ. 'ನಿಮ್ಮೂರು ನಮ್ಮ ಸರ್ವಿಸ್ ಏರಿಯಾ ಅಲ್ಲ' ಅಂತ ವಾಪಸ್ ಕಳಿಸಿದರೆ ಒಪ್ಪಬೇಡಿ, ಶಿಕ್ಷಣ ಸಾಲಕ್ಕೆ ಆ ನಿಯಮ ಅನ್ವಯಿಸಲ್ಲ ಎಂದು ಆರ್‌ಬಿಐ 2012ರಲ್ಲೇ ಹೇಳಿದೆ. ತಿರಸ್ಕಾರವನ್ನು ಬರವಣಿಗೆಯಲ್ಲಿ ಕೇಳಿ, ಎಷ್ಟೋ ಸಲ ಅಲ್ಲಿಗೇ ಧಾಟಿ ಬದಲಾಗುತ್ತೆ.

ಮಂಜೂರಾದಷ್ಟನ್ನೂ ಎತ್ತಲೇಬೇಕು ಅಂತೇನೂ ಇಲ್ಲ. ಹರಿಹರ, ಮಲೇಬೆನ್ನೂರಿನವರು ಬಸ್ ಪಾಸಿನಲ್ಲಿ ಓಡಾಡಬಹುದು, ಜಗಳೂರು, ಮೊಳಕಾಲ್ಮೂರು ಕಡೆಯವರು ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಬಹುದು, ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿವೇತನ ಬೇರೆ. ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿಯನ್ನು ಸಾಲವಿಲ್ಲದೆ ಮುಗಿಸಿ, ಇದೇ ಸಾಲವನ್ನು ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದ ಎಂಎಸ್ಸಿಗೋ ಬಿಎಡ್‌ಗೋ ತೆಗೆದರೆ ಅಂಕ 5ಕ್ಕೆ 4. ಆಗ ಕಂತು ಬರುವ ಹೊತ್ತಿಗೆ ಕೆಲಸ ಕೇಳುವ ಅರ್ಹತೆಯಾದರೂ ಕೈಯಲ್ಲಿರುತ್ತೆ. ಮೊದಲ ಸಂಬಳದ ಐದನೇ ಒಂದು ಭಾಗ ದಾಟದಂತೆ ಕಂತು ಇಟ್ಟುಕೊಳ್ಳಿ: 6,470ರ ಕಂತಿಗೆ ಸಂಬಳ 32,000 ಮೇಲಿರಬೇಕು, ಕಮ್ಮಿ ಎತ್ತಿ ಕಂತು 2,500ಕ್ಕೆ ಇಳಿದರೆ 12,500 ಸಾಕು.